ಹಳೆಯ ಮಾರುತಿ 800: ಸೆಲ್ಫ್ ಎಳೀತಿಲ್ಲ, ಹೆಡ್‌ಲೈಟ್ ಹಾಕಿದ್ರೆ ಟೆಂಪರೇಚರ್ ಮುಳ್ಳು ಏರುತ್ತೆ (ಪರಿಹಾರ ಸಿಕ್ಕಿದೆ)

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಮಾರುತಿ 800, ಕಾರ್ಬುರೇಟರ್ ಮಾಡೆಲ್. ಅಪ್ಪಾಜಿ ತಗೊಂಡಿದ್ದು, ಮಾರೋ ಮನಸ್ಸಿಲ್ಲ. ಆರ್‌ಸಿ ರಿನಿವಲ್‌ಗೆ ಮುಂಚೆ ಟಿಂಕರಿಂಗ್, ಪೇಂಟ್ ಎಲ್ಲಾ ಮಾಡಿಸಿದೆ. ಗಾಡಿ ಮನೆಗೆ ಬಂದು ವಾರಕ್ಕೇ ತೊಂದರೆ ಶುರುವಾಯ್ತು.

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದ್ರೆ ಸೆಲ್ಫ್ 'ಟಕ್' ಅಂದು ಸುಮ್ಮನಾಗುತ್ತೆ, ಇಲ್ಲಾ ನರಳಿ ನರಳಿ ಅರ್ಧ ಸುತ್ತು ತಿರುಗುತ್ತೆ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತೆ, ಆರಿಸಿದ್ರೆ ಇಳಿಯುತ್ತೆ. ಬ್ಯಾಟರಿ ಹೊಸದು ಹಾಕಿಸಿದೆ. ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಷ್ ಬದಲಾಯಿಸಿದೆ. ಏನೂ ಬದಲಾಗಲಿಲ್ಲ.

ಮೊನ್ನೆ ನಾಲ್ಕೈದು ಸಲ ಸೆಲ್ಫ್ ಹೊಡೆದಾಗ ಬಾನೆಟ್ ಒಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ತೆಗೆದು ನೋಡಿದ್ರೆ ಆಕ್ಸಿಲರೇಟರ್ ಕೇಬಲ್ ಕೈ ಇಡಕ್ಕಾಗದಷ್ಟು ಕಾದಿತ್ತು. ಅದರಲ್ಲಿ ಕರೆಂಟೇ ಹರಿಯಲ್ಲ ಅಲ್ವಾ? ಅಮ್ಮನನ್ನ ಕೂರಿಸಿಕೊಂಡು ಓಡಾಡೋ ಗಾಡಿ, ಭಯ ಆಗಿದೆ.

ರಾಯಚೂರಿನಿಂದ

ಅಣ್ಣ, ಡೈನಮೋ ಚಾರ್ಜಿಂಗ್ ನೋಡಿಸ್ರಿ ಮೊದಲು. ಗಾಡಿ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ನಮ್ಮ ಕಡೆ ಬೇಸಿಗೆಗೆ ಹೊಸ ಬ್ಯಾಟರಿನೂ ಬೇಗ ಸೋಲ್ತಾವ.

ಗಂಗಾವತಿಯಿಂದ

ರಾಯಚೂರಿನವರು ಹೇಳಿದ್ದು ತಪ್ಪಲ್ಲ, ಅದನ್ನೂ ಅಳೀರಿ. ಆದ್ರ ಕೇಬಲ್ ಕಾದಿದ್ದು ಓದಿದ ಮ್ಯಾಲೆ ನನಗ ಅನುಮಾನ ಉಳಿದಿಲ್ಲ. ಅರ್ತ್, ಅಂದ್ರ ಕರೆಂಟ್ ಬ್ಯಾಟರಿಗೆ ವಾಪಸ್ ಬರೋ ದಾರಿ, ಹೋಗೈತಿ. ಅಳೆಯೋತನ ಸೆಲ್ಫ್ ಹೊಡೀಬ್ಯಾಡ್ರಿ.

ಎಂಜಿನ್ ಕುಂತಿರೋದು ರಬ್ಬರ್ ಮೌಂಟಿಂಗ್ ಮ್ಯಾಲೆ. ರಬ್ಬರಿನಾಗ ಕರೆಂಟ್ ಹರಿಯಂಗಿಲ್ಲ. ಪ್ಲಸ್ ಕೇಬಲ್‌ನಿಂದ ಸೆಲ್ಫಿಗೆ ಹೋದ ಕರೆಂಟ್ ಎಂಜಿನ್ ಮೈಗೆ ಬಂದು, ಅಲ್ಲಿಂದ ಅರ್ತ್ ಪಟ್ಟಿ ಹಿಡಿದು ಬ್ಯಾಟರಿ ಮೈನಸ್‌ಗೆ ವಾಪಸ್ ಸೇರಬೇಕು. ಆ ಪಟ್ಟಿ ಕೆಟ್ಟರ, ಎಂಜಿನ್ನಿಗೂ ಬಾಡಿಗೂ ತಾಗಿರೋ ಇನ್ನೊಂದು ಕಬ್ಬಿಣದ ದಾರಿ ಹುಡುಕತೈತಿ. ನಿಮ್ಮ ಗಾಡಿಯಾಗ ಅದು ಆಕ್ಸಿಲರೇಟರ್ ಕೇಬಲ್. ನೂರು ಆಂಪಿಯರ್ ದಾಟೋ ಕರೆಂಟ್ ಅಂಥ ತೆಳು ತಂತಿಯೊಳಗ ಹೊಕ್ಕರ ಕಾಯದೇ ಏನಾಗ್ತೈತಿ? ಮುಳ್ಳಿನ ಕಥೆನೂ ಇದೇ. ಅದರ ಸೆನ್ಸರ್ ಅರ್ತ್ ಎಂಜಿನ್ ಮ್ಯಾಲೆ, ಲೈಟಿನ ಅರ್ತ್ ಬಾಡಿ ಮ್ಯಾಲೆ. ಇವೆರಡರ ನಡುವೆ ವೋಲ್ಟೇಜ್ ಬಂದ್ರ ಮೀಟರ್ ತಪ್ಪು ತೋರಸ್ತೈತಿ. ನೀರು ಕುದ್ದಿಲ್ಲ, ಹೆದರಬ್ಯಾಡ್ರಿ.

ಮಲ್ಟಿಮೀಟರ್‌ನಾಗ 'ಬೀಪ್' ನೋಡಿ 'ಅರ್ತ್ ಸರಿ ಐತಿ' ಅನ್ನೋರು ಭಾಳ ಮಂದಿ. ಅದು ನಂಬಂಗಿಲ್ಲ. ಬೀಪ್ ಮಾಡೋವಾಗ ಮೀಟರ್ ಕಳಿಸೋದು ಕೆಲವೇ ಮಿಲಿಆಂಪಿಯರ್. ಪಟ್ಟಿಯ ಎಲ್ಲಾ ಎಳಿ ಹರಿದು ನಾಲ್ಕು ಎಳಿ ಉಳಿದಿದ್ದರೂ ಬೀಪ್ ಬರ್ತೈತಿ. ಜೋಡಣೆಯಾಗ 0.02 ಓಮ್ ತಡೆ ಐತಿ ಅನ್ಕೊಳ್ರಿ, ಸಾದಾ ಮೀಟರ್‌ಗೆ ಅದು ಕಾಣಂಗೇ ಇಲ್ಲ. ಎರಡೂ ಹೆಡ್‌ಲೈಟಿನ 10 ಆಂಪಿಯರ್‌ಗೆ ಅಲ್ಲಿ ಹೋಗೋದು ಬರೇ 0.2 ವೋಲ್ಟ್. ಸೆಲ್ಫಿನ 100 ಆಂಪಿಯರ್‌ಗೆ 2 ವೋಲ್ಟ್! ಅದಕ್ಕ ಲೈಟ್ ಚಲೋ ಉರೀತೈತಿ, ಸೆಲ್ಫ್ ಸಾಯ್ತೈತಿ. ಅರ್ತ್ ಅಳೀಬೇಕಂದ್ರ ಲೋಡ್ ಹಾಕೇ ಅಳೀಬೇಕು.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮ್ಯಾಲೆ. ಗಾಡಿ ಸ್ಟಾರ್ಟ್ ಆಗದಂಗ ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರ್ ತೆಗೀರಿ, ತುದಿಗೆ ಟೇಪ್ ಸುತ್ರಿ. ಮೀಟರ್ 20 ವೋಲ್ಟ್ ಡಿಸಿಗೆ ಇಡ್ರಿ. ಒಬ್ಬರು ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯುವಾಗ ಮೂರು ಕಡೆ ನೋಡ್ರಿ: ಬ್ಯಾಟರಿಯ ಎರಡು ಕಂಬದ ನಡುವೆ, ಮೈನಸ್ ಕಂಬದಿಂದ ಬಾಡಿಯ ಬರಿ ಲೋಹಕ್ಕ, ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ. ಮೀಟರ್ ಕಡ್ಡಿ ಸೀಸದ ಕಂಬಕ್ಕೇ ಒತ್ರಿ, ಕ್ಲ್ಯಾಂಪಿಗೆ ಬ್ಯಾಡ. ಕ್ಲ್ಯಾಂಪ್ ಸಡಿಲಿದ್ದರೂ ಗೊತ್ತಾಗಬೇಕಲ್ಲ.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವರು

ಅಣ್ಣ, ಅಳೆದೆ. ಎರಡು ಕಂಬದ ನಡುವೆ 11.6, ಮೈನಸ್‌ನಿಂದ ಬಾಡಿಗೆ 0.08, ಮೈನಸ್‌ನಿಂದ ಬ್ಲಾಕಿಗೆ 2.4 ವೋಲ್ಟ್. ಚಾರ್ಜಿಂಗ್ 14.1 ಇದೆ, ರಾಯಚೂರಿನವರಿಗೆ ಧನ್ಯವಾದ.

ಗಂಗಾವತಿಯಿಂದ

ಬ್ಯಾಟರಿ ಗಟ್ಟಿ ಐತಿ, ಸೋತಿದ್ದರ ಸೆಲ್ಫ್ ಹೊಡೆಯುವಾಗ 9.6ರ ಕೆಳಗ ಬೀಳ್ತಿತ್ತು. ಬಾಡಿತನ ದಾರಿನೂ ಚಲೋ. ಬ್ಲಾಕಿಗೆ 0.2ರ ಒಳಗ ಇರಬೇಕಾದ್ದು 2.4 ಬಂದೈತಿ. ಎಂಜಿನ್‌ನಿಂದ ಬಾಡಿಗೆ ಬರೋ ಪಟ್ಟಿನೇ ಕಳ್ಳ. ಖಾತ್ರಿ ಬೇಕಂದ್ರ ಜಂಪರ್ ಕೇಬಲ್ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ ಎತ್ತೋ ಕೊಂಡಿಗೆ ಹಚ್ಚಿ ಸೆಲ್ಫ್ ಹೊಡೀರಿ. ಗರ್ರಂತ ತಿರುಗಿದ್ರ ಮುಗೀತು.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವರು

ತಿರುಗಿತು! ಹೊಸ ಗಾಡಿ ಥರ ತಿರುಗಿತು. ಆಮೇಲೆ ಬ್ಯಾಟರಿ ಮೈನಸ್ ತೆಗೆದು ಪಟ್ಟಿ ಬಿಚ್ಚಿದೆ. ಬಾಡಿ ಕಡೆಯ ಥಿಂಬಲ್ (ಬೋಲ್ಟ್ ತೂರಿಸೋ ಲೋಹದ ತುದಿ) ಅಡಿಯಲ್ಲಿ ನಿಗಿನಿಗಿ ಹೊಳೆಯೋ ಹೊಸ ಪೇಂಟ್. ಪೇಂಟ್ ಹೊಡೆದ ಮೇಲೆ ಹಾಗೇ ಬೋಲ್ಟ್ ಬಿಗಿದಿದ್ದಾರೆ, ಬೋಲ್ಟಿನ ಥ್ರೆಡ್‌ನಲ್ಲಿ ಮಾತ್ರ ಕರೆಂಟ್ ಹೋಗ್ತಿತ್ತು. ಎಂಜಿನ್ ಕಡೆ ಹೆಣೆದ ತಾಮ್ರ ಹಸಿರುಗಟ್ಟಿದೆ, ಬಗ್ಗಿಸಿದ್ರೆ ಎಳೆಗಳು ಪುಡಿಯಾಗಿ ಬೆರಳಿಗೆ ಅಂಟುತ್ತೆ. ಅದರ ಸಂದಿನಲ್ಲೆಲ್ಲಾ ನಮ್ಮೂರಿನ ಕೆಂಪು ಧೂಳು.

ಗಂಗಾವತಿಯಿಂದ

ಹಳೇ ಪಟ್ಟಿ ಬಿಸಾಕ್ರಿ. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ತಗೊಂಡು ಎರಡೂ ತುದಿಗೆ ಥಿಂಬಲ್ ಒತ್ತಿಸ್ರಿ. ಮನೆ ವೈರಿಂಗ್ ವೈರ್ ತಿರುವಿ ಹಾಕಬ್ಯಾಡ್ರಿ. ಎಂಜಿನ್ ಅಲುಗಾಡ್ತೈತಿ, ಕೇಬಲ್ ಸ್ವಲ್ಪ ಸಡಿಲ ಬಿಡ್ರಿ. ಬಾಡಿ ಮ್ಯಾಲೆ ಥಿಂಬಲ್ ಕೂಡೋಷ್ಟು ಜಾಗ ಉಪ್ಪುಕಾಗದದಿಂದ ಬೆಳ್ಳಗ ಆಗೋತನ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗೀರಿ. ವ್ಯಾಸಲೀನ್ ಹಚ್ಚೋದು ಬಿಗಿದ ಮ್ಯಾಲೆ, ಹೊರಗಿನಿಂದ. ಬ್ಯಾಟರಿ ಮೈನಸ್ ಎಲ್ಲಾ ಮುಗಿದ ಮ್ಯಾಲೆ ಕಡೀಗೆ ಹಾಕ್ರಿ. ಆಕ್ಸಿಲರೇಟರ್ ಕೇಬಲ್ ಹೊಸದು ಹಾಕಿಸದೇ ಗಾಡಿ ರೋಡಿಗೆ ಇಳಿಸಬ್ಯಾಡ್ರಿ. ಒಳಗಿನ ಪ್ಲಾಸ್ಟಿಕ್ ಕರಗಿದ್ರ ಆಕ್ಸಿಲರೇಟರ್ ಒತ್ತಿದಲ್ಲೇ ಸಿಗಿಬೀಳ್ತೈತಿ. ಅಮ್ಮಾರು ಕೂಡೋ ಗಾಡಿ ಅಂದೀರಿ, ಅದಕ್ಕ ಒತ್ತಿ ಹೇಳಾಕತ್ತೀನಿ.

ಸಿಂಧನೂರಿನಿಂದ

ಇದೇ ಪೇಂಟ್ ತೊಂದರೆ ನಮ್ಮ ಗಾಡಿಯ ಹಿಂದಿನ ಲೈಟಿಗೆ ಆಗಿತ್ತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿತ್ತು. ಡಿಕ್ಕಿಯೊಳಗೆ ಲೈಟಿನ ಅರ್ತ್ ಸ್ಕ್ರೂ ತಿಕ್ಕಿದ ಮೇಲೆ ಸರಿ ಹೋಯ್ತು. ನಿಮ್ಮದೂ ಒಮ್ಮೆ ನೋಡಿಕೊಳ್ಳಿ.

ಬಳ್ಳಾರಿಯಿಂದ, ಪ್ರಶ್ನೆ ಕೇಳಿದವರು

ಮೂರು ದಿನ ಕಾದು ಬರೀತಿದ್ದೀನಿ. ಹೊಸ ಅರ್ತ್ ಕೇಬಲ್, ಹೊಸ ಆಕ್ಸಿಲರೇಟರ್ ಕೇಬಲ್ ಎರಡೂ ಆಯ್ತು. ಸೆಲ್ಫ್ ಹೊಡೆಯುವಾಗ ಮೈನಸ್‌ನಿಂದ ಬ್ಲಾಕಿಗೆ ಈಗ 0.12 ವೋಲ್ಟ್. ಹಿಂದಿನ ಲೈಟಿನ ಸ್ಕ್ರೂ ಅಡಿಯಲ್ಲೂ ಪೇಂಟ್ ಇತ್ತು, ತಿಕ್ಕಿದೆ. ನಿನ್ನೆ ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಬಂದು ಕೀ ತಿರುಗಿಸಿದೆ, ಒಂದೇ ಸಲಕ್ಕೆ ಎದ್ದಿತು. ರಾತ್ರಿ ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲುಗಾಡಲಿಲ್ಲ. ಗಂಗಾವತಿ ಅಣ್ಣನಿಗೆ ಅಮ್ಮ ನಮಸ್ಕಾರ ಹೇಳಿದ್ದಾರೆ.