ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಪ್ರಶ್ನೋತ್ತರ: ಟೈಪ್ (ಮೌಲ್ಯದ ಬಗೆ) ಹೊಂದುತ್ತಿಲ್ಲ ಎಂದು ಕಂಪೈಲರ್ ನಿಲ್ಲಿಸಿದಾಗ

ಹಾಸನದ ವಿದ್ಯಾರ್ಥಿ: ಮೇಡಂ, ಫಂಕ್ಷನ್ ಐ32 (32 ಬಿಟ್ ಪೂರ್ಣಾಂಕ) ಕೊಡಬೇಕು. ಖಾಲಿ ಆವರಣ (), ಅಂದರೆ ಏನೂ ಇಲ್ಲದ್ದು ಸಿಕ್ಕಿತು ಅಂತ ಇ0308 ಎರರ್ ಬರುತ್ತಿದೆ.

ಮೇಡಂ: ಕೊನೆಯ ಸಾಲಿನ ಸೆಮಿಕೋಲನ್ ತೆಗೆಯಿರಿ. ಅದಿದ್ದರೆ ಆ ಸಾಲಿನ ಮೌಲ್ಯ ಹೊರಗೆ ಬರುವುದಿಲ್ಲ.

ಮಂಡ್ಯದ ಸದಸ್ಯ: ಹಾಲಿನ ಸೊಸೈಟಿಗೆ ತೂಕದ ಪ್ರೋಗ್ರಾಂ ಬರೆದಿದ್ದೇನೆ. ಗ್ರಾಂ ಲೆಕ್ಕ ಯು32 (ಋಣವಿಲ್ಲದ 32 ಬಿಟ್ ಪೂರ್ಣಾಂಕ), ಬಿಲ್ ಫಂಕ್ಷನ್ ಕೇಳುವುದು ಯು16 (16 ಬಿಟ್‌ನದು). ಫಾರ್ವರ್ಡ್ ಆಗಿ ಬಂದ ಮೆಸೇಜ್ ನೋಡಿ, ಯು16ಗೆ ಬದಲಿಸುವ 'ಆ್ಯಸ್ ಯು16' ಸೇರಿಸಿದೆ, ಎರರ್ ಹೋಯಿತು. ಸರಿ ಅಲ್ವಾ?

ಮೇಡಂ: ಸರಿಯಿಲ್ಲ. ಇವತ್ತೇ ತೆಗೆಯಿರಿ. ಯು16ರಲ್ಲಿ ಹಿಡಿಸುವುದು 65,535ರವರೆಗೆ ಮಾತ್ರ. 70 ಕೆಜಿ ಹಾಲು ಹಾಕಿದವರ 70,000 ಗ್ರಾಂ ಅಲ್ಲಿ 4,464 ಆಗುತ್ತದೆ. ರೈತರಿಗೆ ನಾಲ್ಕೂವರೆ ಕೆಜಿಯ ದುಡ್ಡೂ ಪೂರ್ತಿ ಸಿಗುವುದಿಲ್ಲ! ಕೂಡುವಾಗ ಸಂಖ್ಯೆ ಮೀರಿದರೆ ಡೀಬಗ್ ಬಿಲ್ಡ್ (ಪರೀಕ್ಷೆಗೆ ಕಟ್ಟಿದ ಪ್ರೋಗ್ರಾಂ) ಪ್ಯಾನಿಕ್ ಆಗಿ ನಿಲ್ಲುತ್ತದೆ. 'ಆ್ಯಸ್' ಎಲ್ಲೂ ನಿಲ್ಲಿಸುವುದಿಲ್ಲ, ಮೇಲಿನ ಬಿಟ್‌ಗಳನ್ನು ಕತ್ತರಿಸಿ ಸುಮ್ಮನಾಗುತ್ತದೆ. ಬಿಲ್ ಫಂಕ್ಷನ್ ನಿಮ್ಮದೇ ಆದರೆ ಅದನ್ನೇ ಯು32 ಮಾಡಿ. ಆಗದಿದ್ದರೆ ಯು16ರ 'ಟ್ರೈ ಫ್ರಮ್' ಬಳಸಿ. ಅದು ರಿಸಲ್ಟ್ ಕೊಡುತ್ತದೆ, ಅಂದರೆ ಹಿಡಿಸಿದರೆ ಸಂಖ್ಯೆ, ಇಲ್ಲದಿದ್ದರೆ ಎರರ್. ಎರರ್ ಬಂದರೆ ಬಿಲ್ ನಿಲ್ಲಿಸಿ, ಕೈಯಲ್ಲಿ ಬರೆಯಲು ಹೇಳಿ.

ಹುಬ್ಬಳ್ಳಿಯ ಸದಸ್ಯ: ಸಿ ಭಾಷೆಯಲ್ಲಿ ಇಷ್ಟು ಕಿರಿಕಿರಿ ಇಲ್ಲ.

ಮೈಸೂರಿನ ಸದಸ್ಯೆ: ಅಲ್ಲೂ ಅದೇ 4,464 ಬರುತ್ತೆ. 1996ರಲ್ಲಿ ಏರಿಯಾನ್ 5 ರಾಕೆಟ್ ಇಂಥದ್ದರಿಂದಲೇ ಒಂದು ನಿಮಿಷದೊಳಗೆ ಚೂರಾಯಿತು.

ಹುಬ್ಬಳ್ಳಿಯ ಸದಸ್ಯ: ಅದು ಅಡಾ ಭಾಷೆ, ಸಿ ಅಲ್ಲ. ಅಲ್ಲಿ ಎರರ್ ಬಂದಿತ್ತು, ಹಿಡಿಯುವ ಕೋಡ್ ಇರಲಿಲ್ಲ.

ಮೈಸೂರಿನ ಸದಸ್ಯೆ: 64 ಬಿಟ್ ಸಂಖ್ಯೆಯನ್ನು 16 ಬಿಟ್‌ಗೆ ತುರುಕಿದ್ದು ನಿಜ ತಾನೇ? ಸುಮ್ನೆ ವಾದ ಯಾಕೆ?

ಉಡುಪಿಯ ಸದಸ್ಯ: ಡಿಸ್‌ಪ್ಲೇ ಟ್ರೇಟ್ (ಪರದೆಗೆ ಬರೆಯುವ ಗುಣ) ಇಲ್ಲ ಅಂತ ಇ0277 ಎರರ್ ಬರುತ್ತಿದೆ. ಯಾರಾದರೂ ಹೇಳಿ.

ತುಮಕೂರಿನ ಸದಸ್ಯ: ಐ32 ಬೇಕು, ಖಾಲಿ ಆವರಣ ಬರುತ್ತಿದೆ ಮೇಡಂ.

ಮೇಡಂ: ಮೇಲೆ ಓದಿ.

ಬೆಂಗಳೂರಿನ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: 'ಅನ್‌ಸೇಫ್ (ಸುರಕ್ಷತೆಯ ಹೊಣೆ ಬರೆದವರದೇ ಆಗುವ ಭಾಗ) ಒಳಗೆ ಟ್ರಾನ್ಸ್‌ಮ್ಯೂಟ್ ಹಾಕಿದರೆ ಎಲ್ಲ ಟೈಪ್ ಎರರ್ ಮಾಯ.' ಮಂಡ್ಯದವರು ನೋಡಬಹುದು.

ಮೇಡಂ: ಯಾರೂ ನೋಡಬೇಡಿ. ಟ್ರಾನ್ಸ್‌ಮ್ಯೂಟ್ ಅಂದರೆ ಅದೇ ಬಿಟ್‌ಗಳನ್ನು ಬೇರೆ ಟೈಪ್ ಎಂದು ಓದುವುದು, ಅದಕ್ಕೆ ಎರಡರ ಅಳತೆ ಒಂದೇ ಇರಬೇಕು. ಯು32, ಯು16 ಅಳತೆ ಬೇರೆ, ಟ್ರಾನ್ಸ್‌ಮ್ಯೂಟ್ ಕಂಪೈಲೇ ಆಗುವುದಿಲ್ಲ. ಬರೆದವರು ಒಮ್ಮೆಯೂ ಓಡಿಸಿ ನೋಡಿಲ್ಲ. ಇಲ್ಲಿ ಜನರ ದುಡ್ಡಿನ ಲೆಕ್ಕ ನಡೆಯುತ್ತಿದೆ. ಇಂಥದ್ದು ಇನ್ನೊಮ್ಮೆ ಹಾಕಿದರೆ ಅಳಿಸುತ್ತೇನೆ.

ಬೆಂಗಳೂರಿನ ಸದಸ್ಯ: ಸಹಾಯ ಮಾಡೋಣ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಮಂಡ್ಯದ ಸದಸ್ಯ: ಮೇಡಂ, 'ಟ್ರೈ ಫ್ರಮ್' ಹಾಕಿ 70,000 ಕೊಟ್ಟೆ, ಎರರ್ ಬಂತು. ಆದರೆ ಹಳೆಯದು ಮೂರು ದಿನದಿಂದ ಓಡುತ್ತಿದೆ. ಒಂದು ಹೊತ್ತಿಗೆ 65 ಕೆಜಿ ದಾಟುವವರು ಇಬ್ಬರಿದ್ದಾರೆ.

ಮೇಡಂ: ಮೊದಲು ಅವರಿಬ್ಬರ ಬಿಲ್ ತೆಗೆಯಿರಿ. ಮೂರು, ನಾಲ್ಕು ಕೆಜಿ ಅಂತ ಬಿದ್ದಿದ್ದರೆ ಅದಕ್ಕೆ 65,536 ಗ್ರಾಂ ಕೂಡಿಸಿ, ನಿಜವಾದ ತೂಕ ಸಿಗುತ್ತದೆ. ಉಳಿದ ದುಡ್ಡು ನಾಳೆ ಬೆಳಗಿನ ಹಾಲಿನ ಹೊತ್ತಿಗೆ ಅವರಿಗೆ ತಲುಪಲಿ.