‘ಕ್ಲೀವ್’ ಅಂದರೆ ಸೀಳುವುದೋ, ಅಂಟಿಕೊಳ್ಳುವುದೋ?

ಓದುಗ:
ಇಂಗ್ಲಿಷಿನ ‘ಕ್ಲೀವ್’ಗೆ ನಿಘಂಟಿನಲ್ಲಿ ‘ಸೀಳು’ ಎಂದೂ ಇದೆ, ‘ಅಂಟಿಕೊ’ ಎಂದೂ ಇದೆ. ಒಂದೇ ಪದಕ್ಕೆ ಇಷ್ಟು ವಿರುದ್ಧವಾದ ಅರ್ಥಗಳು ಬಂದದ್ದು ಹೇಗೆ? ಭೂತಕಾಲದಲ್ಲಿ ಕ್ಲೋವ್, ಕ್ಲೆಫ್ಟ್, ಕ್ಲೀವ್ಡ್ ಮೂರೂ ಸಿಗುತ್ತವೆ. ಯಾವುದು ಎಲ್ಲಿಗೆ?

ಪದಬೇರು:
ಅದು ಒಂದು ಪದವಲ್ಲ, ಎರಡು. ಹಳೆಯ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ‘ಕ್ಲೇಒವನ್’, ಅಂಟುವುದಕ್ಕೆ ‘ಕ್ಲಿವಿಯನ್’ ಎಂದಿತ್ತು. ಮುಂದೆ ಪ್ರತ್ಯಯಗಳು ಸವೆದು, ಸ್ವರಗಳು ಹತ್ತಿರವಾಗಿ, ಎರಡೂ ಒಂದೇ ರೂಪಕ್ಕೆ ಬಂದು ನಿಂತವು. ಜರ್ಮನ್‌ನಲ್ಲಿ ಹೀಗಾಗಲಿಲ್ಲ: ಅಂಟುವುದು ‘ಕ್ಲೇಬೆನ್’, ಸೌದೆ ಸೀಳುವುದಕ್ಕೆ ಬವೇರಿಯ, ಆಸ್ಟ್ರಿಯದ ಕಡೆ ‘ಕ್ಲೀಬೆನ್’ ಇನ್ನೂ ಉಳಿದಿದೆ.

ಸೀಳುವ ಪದದ ಬೇರನ್ನು ಭಾಷಾವಿದರು ‘ಗ್ಲೆಉಭ್’ ಎಂದು ಊಹಿಸಿ ಕಟ್ಟಿದ್ದಾರೆ. ಜರ್ಮನ್ ಭಾಷಾವಿದ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ವ್ಯಂಜನ ಪಲ್ಲಟದ ಪ್ರಕಾರ ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳಲ್ಲಿ ಇದರ ‘ಗ’ಕಾರ ‘ಕ’ಕಾರವಾಯಿತು. ಗ್ರೀಕ್‌ನಲ್ಲಿ ‘ಗ’ ಹಾಗೇ ಉಳಿದು ‘ಕೆತ್ತು’ ಎಂಬ ಅರ್ಥ ತಳೆಯಿತು. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯನ್ನು ಕರೆಯುವ ಹೈರೊಗ್ಲಿಫ್‌ನ ‘ಗ್ಲಿಫ್’ ಅದೇ! ಸೀಳು, ಕೆತ್ತನೆ ಎರಡೂ ಒಂದೇ ಬೇರಿನವು ಎಂಬುದೇ ಇದರ ಸೊಗಸು.

ವ್ಯಾಕರಣಪ್ರಿಯ:
ರೂಪಗಳ ವಿಷಯ. ಸೀಳುವ ಕ್ಲೀವ್‌ಗೆ ಕ್ಲೋವ್, ಕ್ಲೆಫ್ಟ್, ಕ್ಲೀವ್ಡ್ ಮೂರೂ ಸರಿ. ವಿಶೇಷಣಗಳನ್ನು ಮಾತ್ರ ಅದಲುಬದಲು ಮಾಡಬೇಡಿ: ಗೊರಸಿಗೆ ‘ಕ್ಲೋವನ್’, ಸೀಳುತುಟಿಗೆ ‘ಕ್ಲೆಫ್ಟ್’. ಅಂಟುವ ಕ್ಲೀವ್‌ಗೆ ಇಂದು ‘ಕ್ಲೀವ್ಡ್’ ಒಂದೇ.

ಓದುವಾಗ ಮುಂದಿನ ಪದ ನೋಡಿ. ಇಂಗ್ಲಿಷಿನ ‘ಟು’ (to) ಅಥವಾ ‘ಅನ್‌ಟು’ (unto) ಎಂಬ ವಿಭಕ್ತಿಸೂಚಕ ಬಂದರೆ ಅಂಟಿಕೊಳ್ಳುವ ಅರ್ಥ. ನೇರ ಕರ್ಮಪದ ಬಂದರೆ ಸೀಳುವ ಅರ್ಥ. ರೂಪವನ್ನೇ ನಂಬಿದರೆ ಹಳೆಯ ಪಠ್ಯದಲ್ಲಿ ಎಡವುತ್ತೀರಿ. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಅಬ್ರಹಾಮ ಕಟ್ಟಿಗೆ ಸೀಳಿದ್ದೂ ‘ಕ್ಲೇವ್’, ರೂತಳು ಅತ್ತೆಯನ್ನು ಬಿಡದೆ ಅಂಟಿಕೊಂಡದ್ದೂ ‘ಕ್ಲೇವ್’.

ಓದುಗ:
ಹಾಗಾದರೆ ಲವಂಗದ ‘ಕ್ಲೋವ್’ ಕೂಡ ಇದೇ ಕುಟುಂಬವೇ?

ಪದಬೇರು:
ಅಲ್ಲ. ಲವಂಗದ ಕ್ಲೋವ್ ಫ್ರೆಂಚ್ ಮೂಲಕ ಬಂದದ್ದು. ಲ್ಯಾಟಿನ್‌ನ ‘ಕ್ಲಾವುಸ್’, ಅಂದರೆ ಮೊಳೆ. ಒಣಗಿದ ಮೊಗ್ಗಿನ ಆಕಾರ ನೋಡಿ ಇಟ್ಟ ಹೆಸರು. ಬೆಳ್ಳುಳ್ಳಿ ಎಸಳಿನ ಕ್ಲೋವ್ ಮಾತ್ರ ಸೀಳುವ ಪದದ ನಿಜವಾದ ನೆಂಟ.

ಖನಿಜಲೋಕ:
ಭೂವಿಜ್ಞಾನದ ‘ಕ್ಲೀವೇಜ್’ ಸೇರಿಸುತ್ತೇನೆ. ಪರಮಾಣುಗಳ ಬಂಧ ದುರ್ಬಲವಾಗಿರುವ ಸಮತಲದಲ್ಲಿ ಹರಳು ಸೀಳಿಕೊಳ್ಳುವ ಗುಣ ಅದು. ಅಭ್ರಕಕ್ಕೆ 1 ದಿಕ್ಕು, ಹಾಗಾಗಿ ಹಾಳೆಹಾಳೆಯಾಗಿ ಏಳುತ್ತದೆ. ಕಲ್ಲುಪ್ಪಿಗೆ ಪರಸ್ಪರ ಲಂಬವಾದ 3, ವಜ್ರಕ್ಕೆ 4. ಬೆಣಚುಕಲ್ಲು ಒಡೆದಾಗ ಚಿಪ್ಪಿನಂತೆ ಬಾಗಿದ ಮುಖ ಬರುತ್ತದಲ್ಲ, ಅದನ್ನು ಕ್ಲೀವೇಜ್ ಎನ್ನಬಾರದು, ಅದು ‘ಫ್ರ್ಯಾಕ್ಚರ್’. ಅನುವಾದಗಳಲ್ಲಿ ಎರಡನ್ನೂ ‘ಬಿರುಕು’ ಎಂದು ಬರೆದುಬಿಡುವುದರಿಂದ ಅರ್ಥವೇ ಕೆಡುತ್ತದೆ. ಕ್ಲೀವೇಜ್‌ಗೆ ‘ಸೀಳು’ ಎಂದೇ ಬರೆಯಿರಿ.