ಹೊಸ ಫೋನಿನಲ್ಲಿ ಮೊಬೈಲ್ ಡೇಟಾ ಕೇಳದೆಯೇ ಆನ್ ಆಗಿರುವುದು ಸರಿಯಾ?

ತೋಟದಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ ಇದು, ಬಲ್ಲವರು ಹೇಳಿ.

ನಮ್ಮದು ನಿಟ್ಟೂರಿನ ಕಡೆ. ಮನೆಗೆ ಫೈಬರ್ ಬಂದು ಎರಡು ವರ್ಷ ಆಯಿತು. ಮೊಬೈಲ್ ನೆಟ್ ಜಗಲಿಯಲ್ಲಿ ಕೂತರೆ ಚೆನ್ನಾಗಿ ಬರುತ್ತದೆ, ಅಡುಗೆಮನೆಗೆ ಹೋದರೆ ಸಿಗ್ನಲ್ಲೇ ಇಲ್ಲ. ಕಳೆದ ತಿಂಗಳು ಅಮ್ಮನಿಗೆ ಹೊಸ ಫೋನ್ ತಂದುಕೊಟ್ಟೆ. ಸಿಮ್ ಹಾಕಿದೆ, ವೈಫೈ ಪಾಸ್‌ವರ್ಡ್ ಹೊಡೆದೆ, ವಾಟ್ಸಾಪ್, ಫೋನ್‌ಪೇ ಎಲ್ಲ ಹಾಕಿಕೊಟ್ಟೆ. ಮೊಬೈಲ್ ಡೇಟಾ ಆನ್ ಇದೆಯಾ ಅಂತ ನೋಡಲಿಲ್ಲ. ಫೋನೂ ಕೇಳಲಿಲ್ಲ. ಭಾಷೆ ಯಾವುದು, ಬೆರಳಚ್ಚು ಬೇಕಾ, ಲೊಕೇಶನ್ ಕೊಡುತ್ತೀರಾ ಅಂತ ಹತ್ತು ಪ್ರಶ್ನೆ ಕೇಳಿದ ಫೋನು ಪ್ಯಾಕ್ ಖಾಲಿಯಾಗುವ ಈ ಒಂದು ವಿಷಯ ಮಾತ್ರ ಕೇಳಲಿಲ್ಲ.

ಮಳೆಗಾಲ ಅಲ್ವಾ, ದಿನಕ್ಕೆ ಏಳೆಂಟು ಸಲ ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಕೂಡಲೇ ವೈಫೈ ಬಂದ್. ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಾ ಯಕ್ಷಗಾನದ ವಿಡಿಯೋ ಹಾಕಿಕೊಂಡಿರುತ್ತಾರೆ. ಫೋನು ಏನೂ ಹೇಳದೆ ಸಿಮ್ಮಿನ ನೆಟ್‌ಗೆ ಬದಲಾಗುತ್ತದೆ, ವಿಡಿಯೋ ಒಂದು ಕ್ಷಣವೂ ನಿಲ್ಲುವುದಿಲ್ಲ, ಹಾಗಾಗಿ ಅವರಿಗೆ ಗೊತ್ತಾಗುವುದೇ ಇಲ್ಲ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿದಿರುತ್ತದೆ.

ಹೋದ ಗುರುವಾರ ಅಮ್ಮ ದೊಡ್ಡಮ್ಮನನ್ನು ಕರೆದುಕೊಂಡು ಹೊಸನಗರಕ್ಕೆ ಡಾಕ್ಟರ ಹತ್ತಿರ ಹೋಗಿದ್ದರು. ಮೆಡಿಕಲ್‌ನಲ್ಲಿ 640 ರೂಪಾಯಿ ಆಯಿತು. ಸ್ಕ್ಯಾನ್ ಮಾಡಿದರೆ ಚಕ್ರ ತಿರುಗುತ್ತಲೇ ಇದೆ. ಆ ದಿನದ ಡೇಟಾ ಮುಗಿದು ಸ್ಪೀಡು 64 ಕೆಬಿಪಿಎಸ್‌ಗೆ ಇಳಿದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಹಿಂದೆ ಜನ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಗಿದೆ, ಕೈಯಲ್ಲಿ ಇದ್ದದ್ದು 300 ರೂಪಾಯಿ. ಐದು ದಿನದ ಮಾತ್ರೆಯಲ್ಲಿ ಎರಡು ದಿನದ್ದು ಮಾತ್ರ ತಗೊಂಡು ಬಂದರು. ಮನೆಗೆ ಬಂದು "ನನಗೆ ಈ ಫೋನು ಸರಿಯಾಗಿ ಬರುವುದಿಲ್ಲ, ನನ್ನದೇ ತಪ್ಪು" ಅಂದರು. ಅವರ ತಪ್ಪು ಏನಿದೆ ಇದರಲ್ಲಿ?

ನನ್ನ ಪ್ರಶ್ನೆ ಇಷ್ಟೇ. ಫೋನುಗಳು ಡೇಟಾ ಆಫ್ ಆಗಿ ಬಂದು, ಬೇಕಾದವರು ಆನ್ ಮಾಡಿಕೊಳ್ಳುವಂತೆ ಇರಬೇಕಲ್ವಾ?

ಹಿನ್ನೀರಿನಾಚೆ, ತುಮರಿ ಕಡೆ

ಓದಿ ಬೇಜಾರಾಯಿತು. ದೊಡ್ಡಮ್ಮ ಈಗ ಹೇಗಿದ್ದಾರೆ?

ಆದರೂ ಆಫ್ ಆಗಿ ಬರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಆದದ್ದು ಇದರ ಉಲ್ಟಾ. ಅಪ್ಪ ಒಬ್ಬರೇ ಮನೆಯಲ್ಲಿ ಇರುತ್ತಾರೆ, ಫೈಬರ್ ಇಲ್ಲ, ಇರುವುದು ಸಿಮ್ಮಿನ ನೆಟ್ ಒಂದೇ. ಟಾರ್ಚ್ ಹಾಕಲು ಹೋಗಿ ಪಕ್ಕದಲ್ಲಿದ್ದ ಡೇಟಾ ಬಟನ್ ಒತ್ತಿಬಿಟ್ಟಿದ್ದಾರೆ. ಮೂರು ದಿನ ವಾಟ್ಸಾಪ್ ಇಲ್ಲ. ಫೋಟೋ ಕಳಿಸಿದರೆ ಒಂದೇ ಟಿಕ್. ಕಾಲ್ ಮಾಡಿದರೆ ಫೋನ್ ಹಾಳಾಗಿದೆ ಅನ್ನುತ್ತಾರೆ. ನಾನು ಬೆಂಗಳೂರಿನಿಂದ "ಮೇಲಿಂದ ಕೆಳಗೆ ಬೆರಳು ಎಳೆಯಿರಿ, ಎರಡು ಬಾಣದ ಗುರುತು ನೋಡಿ" ಅಂತ ಅರ್ಧ ಗಂಟೆ ಹೇಳಿದರೂ ಆಗಲಿಲ್ಲ. ಕೊನೆಗೆ ಪಕ್ಕದ ಮನೆ ಹುಡುಗ ಬಂದು ಸರಿ ಮಾಡಿದ. ಎಲ್ಲ ಫೋನೂ ಆಫ್ ಆಗಿ ಬಂದರೆ ಒಂಟಿಯಾಗಿರುವ ಎಷ್ಟು ಹಿರಿಯರು ಹೀಗೆ ಕೂರುತ್ತಾರೆ ಯೋಚಿಸಿ. ಪ್ಯಾಕ್‌ಗೆ ದುಡ್ಡು ಕೊಟ್ಟೂ ನೆಟ್ ಇಲ್ಲ.

ಕೊರೋನಾ ಸಮಯದಲ್ಲಿ ನಮ್ಮ ಕಡೆ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತಿದ್ದನ್ನು ಕಣ್ಣಾರೆ ನೋಡಿದವರು ನಾವು. ನೆಟ್‌ವರ್ಕ್ ಕೊಡದಿದ್ದರೆ ವೋಟ್ ಹಾಕುವುದಿಲ್ಲ ಅಂತ ಬೋರ್ಡ್ ಹಿಡಿದು ನಿಂತದ್ದೂ ನೆನಪಿದೆ. ಶರಾವತಿ ಹಿನ್ನೀರಿನ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆಯಿತು, ನೀರು ದಾಟಲು ಲಾಂಚ್‌ಗೆ ಕಾಯುವುದು ತಪ್ಪಿತು. ನೆಟ್ ಈಗ ತಾನೇ ಅಷ್ಟೋ ಇಷ್ಟೋ ಕಾಣುತ್ತಿದೆ. ಅಷ್ಟು ಕಷ್ಟಪಟ್ಟು ಬಂದದ್ದು ಫೋನಿನೊಳಗೇ ಮುಚ್ಚಿಕೊಂಡು ಬರಬೇಕಾ? ಇನ್ನೊಂದು, ತೋಟಕ್ಕೆ ಹೋಗುವವರು ಸಿಡಿಲು ನೋಡಲು ದಾಮಿನಿ ಆ್ಯಪ್ ಹಾಕಿಕೊಂಡಿರುತ್ತಾರೆ. ಡೇಟಾ ಆಫ್ ಇದ್ದರೆ ತೋಟದಲ್ಲಿ ಅದು ಸುಮ್ಮನಿರುತ್ತದೆ.

ತೋಟದಮನೆ

ದೊಡ್ಡಮ್ಮ ಆರಾಮ, ಉಳಿದ ಮಾತ್ರೆ ಮಾರನೇ ದಿನ ನಾನೇ ತಂದೆ. ಸಿಡಿಲಿನ ವಿಷಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ಆದರೆ ಕೇಳದೆ ಆನ್ ಇಡುವುದು ಇನ್ನೂ ಸರಿ ಅನ್ನಿಸುತ್ತಿಲ್ಲ.

ಅಂಗಡಿ ಸಾಗರ

ಸಾಗರದಲ್ಲಿ ಸಣ್ಣ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ, ಹದಿನಾಲ್ಕು ವರ್ಷ ಆಯಿತು. ಇಬ್ಬರು ಹೇಳಿದ್ದೂ ನನ್ನ ಕೌಂಟರ್ ಮುಂದೆ ದಿನಾ ಬರುತ್ತದೆ. ಬೆಳಿಗ್ಗೆ ಒಬ್ಬರು "ನೆಟ್ ಬರ್ತಿಲ್ಲ" ಅಂತ ಬರುತ್ತಾರೆ, ನೋಡಿದರೆ ಡೇಟಾ ಆಫ್. ಸಂಜೆ ಒಬ್ಬರು "ನಾನು ಏನೂ ನೋಡೇ ಇಲ್ಲ, ನೆಟ್ ಹೇಗೆ ಖಾಲಿ" ಅಂತ ಬರುತ್ತಾರೆ.

ಈಗಿನವರಿಗೆ ಗೊತ್ತಿಲ್ಲ, ಮೊದಲು ಇದು ಇನ್ನೂ ಕಷ್ಟದ್ದಾಗಿತ್ತು. ಪ್ಯಾಕ್ ಇಲ್ಲದಿದ್ದರೆ 10 ಕೆಬಿಗೆ 4 ಪೈಸೆ ಅಂತ ನೇರ ಮೇನ್ ಬ್ಯಾಲೆನ್ಸ್‌ನಿಂದ ಹೋಗುತ್ತಿತ್ತು. ಕೇಳಲು ಸಣ್ಣದು, ಒಂದು ಎಂಬಿಗೆ 4 ರೂಪಾಯಿ ಆಯಿತು. ಒಬ್ಬ ಅಜ್ಜ ಮಗಳಿಗೆ ಫೋನ್ ಮಾಡಲೆಂದು 50 ರೂಪಾಯಿ ಹಾಕಿಸಿಕೊಂಡು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಬ್ಯಾಲೆನ್ಸ್ ಇಲ್ಲ ಅಂತ ತಿರುಗಿ ಬಂದರು. ಮೊಮ್ಮಗನ ಹಳೆಯ ಸ್ಮಾರ್ಟ್‌ಫೋನ್ ಅದು, ಒಳಗೇ ಅಪ್‌ಡೇಟ್ ಆಗುತ್ತಿತ್ತು. ನಾನೇ ಮೋಸ ಮಾಡಿದೆ ಅಂತ ಅವರು ನಂಬಿದರು. ಅವರ ಮುಖ ನನಗೆ ಇನ್ನೂ ಮರೆತಿಲ್ಲ.

ಇಂಥ ದೂರು ದೇಶದ ತುಂಬಾ ಇತ್ತು. ಅದಕ್ಕೇ ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್ 2015ರಲ್ಲಿ ನಿಯಮ ತಂದಿತು, ಸೆಪ್ಟೆಂಬರ್ 1ರಿಂದ ಜಾರಿ. ಗ್ರಾಹಕ ಒಪ್ಪದೆ ಕಂಪನಿ ಡೇಟಾ ಸೇವೆ ಶುರು ಮಾಡುವ ಹಾಗಿಲ್ಲ. ಬೇಕು ಅಂದರೆ 1925ಕ್ಕೆ ಸ್ಟಾರ್ಟ್ ಅಂತ ಮೆಸೇಜ್, ಬೇಡ ಅಂದರೆ ಸ್ಟಾಪ್. ಅಂದರೆ ಮೊದಲು ಕೇಳಬೇಕು ಅನ್ನುವ ಮಾತು ಹೊಸದೇನಲ್ಲ, ಸಿಮ್ ಕಂಪನಿಗೆ ಆಗಲೇ ಹೇಳಿದ್ದು. ಫೋನ್ ತಯಾರಿಸುವವರಿಗೆ ಯಾರೂ ಹೇಳಲಿಲ್ಲ.

ಡೇಟಾ ಬೇಡವೇ ಬೇಡ ಅನ್ನುವ ಹಿರಿಯರಿಗೆ ಇನ್ನೊಂದು ದಾರಿ ಇದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದ ಮೇಲೆ ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಬಂದಿವೆ, 84 ದಿನದ್ದೂ ಇದೆ, ಒಂದು ವರ್ಷದ್ದೂ ಇದೆ. ಕೀಪ್ಯಾಡ್ ಸೆಟ್ ಇಟ್ಟುಕೊಂಡವರು ಕೇಳಿ ಹಾಕಿಸಿಕೊಳ್ಳಿ. ಕೇಳದಿದ್ದರೆ ಹೆಚ್ಚಿನ ಕಡೆ ಡೇಟಾ ಇರುವ ಪ್ಯಾಕನ್ನೇ ಹಾಕಿಬಿಡುತ್ತಾರೆ.

ನಾನು ಈಗ ಫೋನ್ ಕೊಡುವಾಗ ಒಂದು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ವೈಫೈ ಇದೆಯಾ? ಅದರ ಮೇಲೆ ಸೆಟ್ಟಿಂಗ್ ಮಾಡಿಕೊಡುತ್ತೇನೆ. ಎರಡು ನಿಮಿಷದ ಕೆಲಸ.

ಘಟ್ಟದ ಕೋಡು, ತೀರ್ಥಹಳ್ಳಿ (ಈಗ ಬೆಂಗಳೂರು)

ಆಂಡ್ರಾಯ್ಡ್ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಭಯ ಬಿಡಿ. ಡೇಟಾ ಆಫ್ ಮಾಡಿದರೆ ಕಾಲ್ ಬರುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 4ಜಿ ಫೋನಿನಲ್ಲಿ ವೋಲ್ಟೇ ಕಾಲ್ ಹೋಗುವುದು ಬೇರೆಯೇ ದಾರಿಯಲ್ಲಿ, ಡೇಟಾ ಬಟನ್‌ಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧ ಇಲ್ಲ. ವೈಫೈ ಕಾಲಿಂಗ್‌ಗೂ ಸಿಮ್ ಡೇಟಾ ಬೇಡ, ಸಿಗ್ನಲ್ ಇಲ್ಲದ ಅಡುಗೆಮನೆಗೆ ಅದು ಬಹಳ ಒಳ್ಳೆಯದು, ಅಮ್ಮನ ಫೋನಿನಲ್ಲಿ ಆನ್ ಮಾಡಿಕೊಡಿ. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನೂ ಒಟ್ಟಿಗೆ ಜೋರಾಗಿ ಕೂಗಿತ್ತಲ್ಲ, ಆ ತುರ್ತು ಎಚ್ಚರಿಕೆ ಟವರ್‌ನಿಂದ ನೇರ ಬರುವುದು. ಡೇಟಾ ಆಫ್ ಇದ್ದರೂ ಬರುತ್ತದೆ. ದಾಮಿನಿಯಂಥ ಆ್ಯಪ್‌ಗೆ ಮಾತ್ರ ನೆಟ್ ಬೇಕು, ಹಿನ್ನೀರಿನವರು ಹೇಳಿದ್ದು ಸರಿ.

ಈಗ ಮುಖ್ಯ ವಿಷಯ. ಆಂಡ್ರಾಯ್ಡ್ ಕೋಡ್ ಒಳಗೆ ಇದಕ್ಕೆ ಎರಡು ಸಾಲು ಇವೆ. ಮೊಬೈಲ್ ಡೇಟಾ, ಮೊದಲಿಗೆ ಆನ್. ಡೇಟಾ ರೋಮಿಂಗ್, ಅಂದರೆ ವಿದೇಶದಂಥ ಕಡೆ ಬೇರೆ ಕಂಪನಿಯ ನೆಟ್ ಬಳಸುವುದು, ಮೊದಲಿಗೆ ಆಫ್. ಫೋನ್ ಕಂಪನಿ ಎರಡನ್ನೂ ಬದಲಿಸಬಹುದು. ರೋಮಿಂಗ್‌ನಲ್ಲಿ ದೊಡ್ಡ ಬಿಲ್ ಬರುತ್ತದೆ ಅಂತ ಅದನ್ನು ಆಫ್ ಇಟ್ಟರು. ಅಂದರೆ ದುಡ್ಡಿನ ಲೆಕ್ಕ ಅವರಿಗೆ ಗೊತ್ತಿಲ್ಲ ಅಂತ ಅಲ್ಲ. ಯಾರ ದುಡ್ಡನ್ನು ದೊಡ್ಡದು ಅಂತ ಎಣಿಸಿದರು ಅನ್ನುವುದೇ ಪ್ರಶ್ನೆ. ವಿದೇಶಕ್ಕೆ ಹೋಗುವವರ ಬಿಲ್ ಕಂಡಿತು, ದಿನಕ್ಕೆ ಒಂದೂವರೆ ಜಿಬಿಯಲ್ಲಿ ಬದುಕುವವರ ಪ್ಯಾಕ್ ಕಾಣಲಿಲ್ಲ.

ವೈಫೈ ಬಿಟ್ಟು ಸಿಮ್‌ಗೆ ಹಾರುವುದೂ ಬೇಕೆಂದೇ ಮಾಡಿದ್ದು. ಐಫೋನಿನಲ್ಲಿ 2015ರಲ್ಲಿ ಐಓಎಸ್ 9ರ ಜೊತೆ ವೈಫೈ ಅಸಿಸ್ಟ್ ಬಂತು, ವೈಫೈ ಸೋತರೆ ತಾನೇ ಸಿಮ್‌ಗೆ ಹೋಗುತ್ತದೆ. ಅದೂ ಮೊದಲೇ ಆನ್. ಆಂಡ್ರಾಯ್ಡ್ ಫೋನುಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೇ ಇದೆ. ನಗರದಲ್ಲಿ ಕೂತು ಮಾಡಿದವರಿಗೆ ವೈಫೈ ಹೋಗುವುದು ಅಂದರೆ ಮನೆಯಿಂದ ಹೊರಗೆ ಕಾಲಿಟ್ಟೆ ಅಂತ ಅರ್ಥ. ದಿನಕ್ಕೆ ಎಂಟು ಸಲ ಕರೆಂಟ್ ಹೋಗುವ ಮನೆ ಅವರ ಕಣ್ಣ ಮುಂದೆ ಇರಲಿಲ್ಲ.

ಇನ್ನೊಂದು ಮಾತು. ಏನೂ ನೋಡದೆ ಹೇಗೆ ಖಾಲಿ ಅಂತ ಅಂಗಡಿಗೆ ಬರುವವರು ಸುಳ್ಳು ಹೇಳುತ್ತಿಲ್ಲ. 2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಜ್ಯೂರಿ ಒಂದು ತೀರ್ಪು ಕೊಟ್ಟಿತು. ಆಂಡ್ರಾಯ್ಡ್ ಫೋನು ಸುಮ್ನೆ ಮೇಜಿನ ಮೇಲೆ ಇದ್ದಾಗಲೂ ಒಡೆಯನನ್ನು ಕೇಳದೆ ಅವನ ಸಿಮ್ ಡೇಟಾ ಬಳಸಿ ಗೂಗಲ್‌ಗೆ ಮಾಹಿತಿ ಕಳಿಸುತ್ತಿತ್ತು, ಅದಕ್ಕೆ ಗೂಗಲ್ 31 ಕೋಟಿ 40 ಲಕ್ಷ ಡಾಲರ್‌ಗೂ ಜಾಸ್ತಿ ಕೊಡಬೇಕು ಅಂತ. ಕೇಸ್ ಹಾಕಿದ್ದು 2019ರಲ್ಲಿ. ಗೂಗಲ್ ಒಪ್ಪಿಲ್ಲ, ಮೇಲ್ಮನವಿ ಹಾಕುತ್ತೇವೆ ಅಂದಿತು. ಮುಂದೆ ಏನೇ ಆಗಲಿ, ಡೇಟಾ ಅನ್ನುವುದು ಗ್ರಾಹಕನ ಸೊತ್ತು ಅಂತ ಜ್ಯೂರಿಯಲ್ಲಿದ್ದ ನಮ್ಮ ಥರದ ಸಾಮಾನ್ಯ ಜನ ಕೂತು ಹೇಳಿದರಲ್ಲ, ನನಗೆ ಅದು ಮುಖ್ಯ.

ನನ್ನ ಅಭಿಪ್ರಾಯ, ಆನೂ ಬೇಡ ಆಫೂ ಬೇಡ. ಸಿಮ್ ಹಾಕಿದ ಕೂಡಲೇ ಕನ್ನಡದಲ್ಲಿ ಒಂದು ಪ್ರಶ್ನೆ ಬರಲಿ. ವೈಫೈ ಹೋದಾಗ ಸಿಮ್ ನೆಟ್ ಬಳಸಲಾ? ಹೌದು, ಇಲ್ಲ, ಪ್ರತಿ ಸಲ ಕೇಳು. ಬರೆಯಲು ಕಷ್ಟದ ಕೋಡ್ ಅಲ್ಲ ಇದು.

ತೋಟದಮನೆಯವರೇ, ಈಗಲೇ ಮಾಡಬಹುದಾದದ್ದು ಒಂದಿದೆ. ಡೇಟಾ ಆನ್ ಇರಲಿ. ಯೂಟ್ಯೂಬ್‌ಗೆ ಮಾತ್ರ ಸಿಮ್ ನೆಟ್ ಕೊಡಬೇಡಿ. ಐಫೋನಿನಲ್ಲಿ ಪ್ರತಿ ಆ್ಯಪ್‌ಗೂ ಆ ಬಟನ್ ಇದೆ, ಶಿಯೋಮಿ ವಿವೋದಂಥ ಫೋನಿನಲ್ಲೂ ಸಿಗುತ್ತದೆ. ಡೇಟಾ ಸೇವರ್ ಅಂತ ಇರುವುದು ಹಿಂದೆ ಓಡುವ ಆ್ಯಪ್‌ಗಳನ್ನು ಮಾತ್ರ ತಡೆಯುತ್ತದೆ, ಕಣ್ಣ ಮುಂದೆ ಓಡುವ ವಿಡಿಯೋ ನಿಲ್ಲುವುದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಕೊಪ್ಪದ ಮಳೆ

ರೌಟರ್‌ಗೆ ಸಣ್ಣ ಯುಪಿಎಸ್ ಸಿಗುತ್ತದೆ, ಅಂಗೈಯಷ್ಟು ಇರುತ್ತದೆ. ಕರೆಂಟ್ ಹೋದರೂ ಎರಡು ಮೂರು ಗಂಟೆ ವೈಫೈ ಓಡುತ್ತದೆ. ಫೈಬರ್ ಕೊಡುವವರ ಕಡೆಯಲ್ಲೂ ಬ್ಯಾಟರಿ ಇದ್ದರೆ ಮಾತ್ರ ಉಪಯೋಗ, ಮೊದಲು ಕೇಳಿ ತಗೊಳ್ಳಿ. ನಮ್ಮ ಮನೆಯಲ್ಲಿ ಅರ್ಧ ತೊಂದರೆ ಇದರಿಂದಲೇ ಹೋಯಿತು.

ತೋಟದಮನೆ

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮಾಡಿದೆ. ಅಮ್ಮನ ಫೋನಿನಲ್ಲಿ ಆ್ಯಪ್ ಆ್ಯಪ್‌ಗೆ ಬೇರೆ ಬಟನ್ ಇದೆ. ಯೂಟ್ಯೂಬ್, ಫೇಸ್‌ಬುಕ್ ಎರಡಕ್ಕೂ ಸಿಮ್ ನೆಟ್ ಬಂದ್. ವಾಟ್ಸಾಪ್‌ನಲ್ಲಿ ಫೋಟೋ ತಾನಾಗಿ ಇಳಿಯುವುದನ್ನು ತೆಗೆದೆ. ಫೋನ್‌ಪೇಗೆ ಮಾತ್ರ ಎಲ್ಲ ಬಿಟ್ಟೆ. ವೈಫೈ ಕಾಲಿಂಗ್ ಆನ್ ಮಾಡಿದ್ದೇ ಅಡುಗೆಮನೆಯಿಂದ ಮೊದಲ ಸಲ ಅಮ್ಮ ತಂಗಿಗೆ ಕಾಲ್ ಮಾಡಿದರು, ದೋಸೆ ಹುಯ್ಯುತ್ತಾ ಮಾತಾಡಿದರು.

ಇವತ್ತು ಬೆಳಿಗ್ಗೆ ಕರೆಂಟ್ ಹೋಯಿತು. ವಿಡಿಯೋ ನಿಂತಿತು. ಅಮ್ಮ ಫೋನ್ ತಿರುಗಿಸಿ ನೋಡಿ "ಓ, ವೈಫೈ ಹೋಯಿತು" ಅಂದು ಪಕ್ಕಕ್ಕೆ ಇಟ್ಟು ಹಲಸಿನ ಹಣ್ಣು ಬಿಡಿಸುವುದನ್ನು ಮುಂದುವರಿಸಿದರು. ನಾನು ಕೇಳಿದೆ, ಮೊದಲೇ ಫೋನು ಹೀಗೆ ಹೇಳಿದ್ದರೆ ಏನು ಮಾಡುತ್ತಿದ್ದಿರಿ ಅಂತ. "ಬೇಡ ಅಂತಿದ್ದೆ. ಕರೆಂಟ್ ಬಂದ ಮೇಲೆ ನೋಡಿದರೆ ಆಗದಾ?" ಅಂದರು.

ಹಿನ್ನೀರಿನಾಚೆಯವರೇ, ನಿಮ್ಮ ಅಪ್ಪನನ್ನು ಕೇಳಿದರೆ ಬೇಕು ಅನ್ನುತ್ತಾರೆ. ಅವರಿಗೆ ಆನ್ ಇರಲಿ, ಅಮ್ಮನಿಗೆ ಆಫ್ ಇರಲಿ. ಇಬ್ಬರನ್ನೂ ಕೇಳಲಿ ಅಂತ ನಾನು ಹೇಳುತ್ತಿರುವುದು.

ಹಿನ್ನೀರಿನಾಚೆ

ಕೇಳುವುದಾದರೆ ನನ್ನದೂ ತಕರಾರಿಲ್ಲ. ಆದರೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಕೇಳಲಿ, ಅಪ್ಪನಿಗೆ ಕನ್ನಡಕ ಹಾಕಿದರೂ ಈಗಿನ ಅಕ್ಷರ ಓದಲು ಆಗುವುದಿಲ್ಲ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಟಾರ್ಚ್ ಪಕ್ಕದಿಂದ ಆ ಡೇಟಾ ಬಟನ್ ತೆಗೆದು ಎರಡನೇ ಪುಟಕ್ಕೆ ಹಾಕಿ ಬರುತ್ತೇನೆ.